ಮಹಿಬೂಬನ ಸೈಕಲ್ಲಿಗೆ ಕುಸುಬಿ ಎಣ್ಣೆ

ಕಿರುಗುಟ್ಟುವ ವಸ್ತು ಎಣ್ಣೆ ಕೇಳುತ್ತದೆ ಎಂಬುದು ನನ್ನ ಜೀವನದ ಏಕೈಕ ಸಿದ್ಧಾಂತ. ಬಾಗಿಲು ಕಿರುಗುಟ್ಟಿದರೆ ಕುಸುಬಿ ಎಣ್ಣೆ, ಹೊಲಿಗೆ ಯಂತ್ರ ಗೊಣಗಿದರೆ ಕುಸುಬಿ ಎಣ್ಣೆ, ಹೆಂಡತಿಯ ಮಂಡಿ ಹಿಡಿದರೂ ಅದೇ. ಸೇಡಂನ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಏನು ಸಪ್ಪಳವಾದರೂ ಬಟ್ಟಲು ಹಿಡಿದು ಹೋಗುವವನು ನಾನೇ. ಶಾಲೆಯಿಂದ ನಿವೃತ್ತನಾದ ಮಾಸ್ತರನಿಗೆ ಇದಕ್ಕಿಂತ ದೊಡ್ಡ ಸಮಾಜಸೇವೆ ಬೇರೆ ಇರಲಿಲ್ಲ.

ಈ ಕೀರ್ತಿಯ ಮದದಲ್ಲೇ ನಾನು ಮಹಿಬೂಬನ ಸೈಕಲ್ಲಿಗೂ ಕೈ ಹಾಕಿದೆ. ಅವನು ಬದುಕಿದ್ದರೆ ಹಾಕಲು ಬಿಡುತ್ತಿರಲಿಲ್ಲ.

ಮಹಿಬೂಬ ನಮ್ಮ ಎದುರು ಮನೆಯವನು, ಸಿಮೆಂಟ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ದುಡಿದವನು, ನನ್ನ ಬಾಲ್ಯದ ಗೆಳೆಯ. ಒಂದು ದಿನ ಮೊಬೈಲ್ ಹಿಡಿದುಕೊಂಡು ಓಡಿ ಬಂದ. ಅದರಲ್ಲಿ ಯಾವುದೋ ಪರದೇಶ. ಹಿಮದ ಬೆಟ್ಟಗಳ ಬುಡದಲ್ಲಿ ಹಸಿರು ಗುಡ್ಡ, ಗುಡ್ಡಗಳ ನಡುವೆ ನೀಲಿ ಕೆರೆ, ಕೆರೆಯ ಸುತ್ತ ಜಲ್ಲಿಕಲ್ಲಿನ ಖಡಿ ರಸ್ತೆ. ಅದರ ಮೇಲೆ ನಮ್ಮ ವಯಸ್ಸಿನವರೇ ನಗುನಗುತ್ತ ಸೈಕಲ್ ತುಳಿಯುತ್ತಿದ್ದರು.

"ಇದಕ್ಕ ಗ್ರಾವೆಲ್ ಬೈಕ್ ಅಂತಾರ ಬಸ್ಯಾ. ಖಡಿ ಮ್ಯಾಲ ಓಡಸಲಿಕ್ಕೇ ಮಾಡಿದ್ದು. ಅವರಿಗಿ ಹಿಮದ ಗುಡ್ಡ ಅದ, ನಮಗ ಚಿಂಚೋಳಿ ಗುಡ್ಡ ಇಲ್ಲೇನು? ಅವರಿಗಿ ಆ ಕೆರಿ, ನಮಗ ಚಂದ್ರಂಪಳ್ಳಿ ಕೆರಿ."

ನನ್ನ ಹೆಂಡತಿ ಶರಣಮ್ಮ ಒಳಗಿನಿಂದಲೇ ಹೇಳಿದಳು: "ಖಡಿ ಮ್ಯಾಲ ಓಡಸಲಿಕ್ಕ ಬ್ಯಾರೆ ಸೈಕಲ್ ಯಾಕ್ರಿ ಅಣ್ಣಾ? ನಮ್ಮ ರಸ್ತಾದಾಗ ಎಲ್ಲಾ ಸೈಕಲ್ಲೂ ಖಡಿ ಮ್ಯಾಲೇ ಓಡ್ತಾವ."

ಮಹಿಬೂಬ ಕೇಳಲಿಲ್ಲ. ಹೈದರಾಬಾದಿನಿಂದ ಯಾರೋ ಬಳಸಿದ್ದೊಂದನ್ನು ತಂದೇ ತಂದ. ದಪ್ಪ ಟೈರು, ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್, ಚಕ್ರದ ನಡುವೆ ಹೊಳೆಯುವ ಉಕ್ಕಿನ ತಟ್ಟೆ. ಬ್ರೇಕ್ ಹಿಡಿದರೆ ಆ ತಟ್ಟೆ ಕಿರ್ರ್ ಎಂದು ಓಣಿಗೆಲ್ಲ ಕೇಳುವಂತೆ ಅರಚುತ್ತಿತ್ತು. ನಾಯಿಗಳು ಎದ್ದು ನಿಲ್ಲುತ್ತಿದ್ದವು. "ಎಣ್ಣಿ ಹಚ್ಚಲೇನೋ?" ಎಂದು ನಾನು ಬಟ್ಟಲು ತಂದಾಗಲೆಲ್ಲ ಅವನು, "ನಿನ್ನ ಎಣ್ಣಿ ನಿನ್ನ ತಲಿಗಿ ಹಚ್ಚಿಕೋ" ಎಂದು ಓಡಿಸುತ್ತಿದ್ದ. ಯಾಕೆ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬೇಸಿಗೆಯ ಬಿಸಿಲು ಇಳಿದ ಮೇಲೆ ಇಬ್ಬರೂ ಚಂದ್ರಂಪಳ್ಳಿ ಕೆರೆಗೆ ಹೋಗುವುದು, ಒಂದೇ ಸೈಕಲ್ಲನ್ನು ಸರದಿಯ ಮೇಲೆ ತುಳಿಯುವುದು, ಕೆರೆಯ ದಂಡೆಯಲ್ಲಿ ರೊಟ್ಟಿ ತಿನ್ನುವುದು ಎಂದು ಠರಾವಾಗಿತ್ತು. ಬಿಸಿಲು ಇಳಿಯಿತು. ಅದಕ್ಕೆ ಸ್ವಲ್ಪ ಮೊದಲೇ, ಒಂದು ಬೆಳಗ್ಗೆ ಎದೆ ಹಿಡಿದುಕೊಂಡು ಕುಳಿತ ಮಹಿಬೂಬ ಮತ್ತೆ ಏಳಲಿಲ್ಲ.

ಆಮೇಲಿನ ತಿಂಗಳುಗಳ ಬಗ್ಗೆ ಹೇಳಿಕೊಳ್ಳುವಂಥದ್ದೇನಿಲ್ಲ. ನಾನು ದಿನಾ ಸಂಜೆ ನಮ್ಮ ಕಟ್ಟೆಯ ಮೇಲೆ ಕುಳಿತು ಎದುರು ಮನೆಯ ಗೋಡೆಗೆ ಒರಗಿದ ಸೈಕಲ್ಲು ನೋಡುತ್ತಿದ್ದೆ, ಅಷ್ಟೆ.

ಅವನ ಹೆಂಡತಿ ರಜಿಯಾ ಭಾಬಿ ಇದ್ದತ್ ಮುಗಿಸಿ, ಅಂದರೆ ಗಂಡ ಸತ್ತ ಮೇಲೆ ಮನೆಯೊಳಗೇ ಇರಬೇಕಾದ ದಿನಗಳನ್ನು ಕಳೆದು, ಹೊರಗೆ ಬಂದ ಮೇಲೆ ಒಂದು ಸಂಜೆ ನನ್ನನ್ನು ಕರೆದರು.

"ಅಣ್ಣಾರ, ನಾಡಿದ್ದ ನಮ್ಮ ತಮ್ಮ ತಾಂಡೂರದಿಂದ ಬಂದು ಸೈಕಲ್ ಒಯ್ತಾನ. ಅದಕ್ಕಿಂತ ಮೊದಲ ನೀವೊಮ್ಮೆ ಅದನ್ನ ಕೆರಿಗಿ ಒಯ್ದು ಬರ್ರಿ. ಅವರ ಮನಸಿನಾಗ ಭಾಳ ಇತ್ತು."

"ಆಯ್ತು ಭಾಬಿ, ನಾಳೆನೇ ಹೋಗ್ತೀನಿ."

"ಇನ್ನೊಂದ್ ಮಾತು. ವಾಪಸ್ ಬರಾಗ ದೂಡ್ಕೊಂಡ್ ಬರಬ್ಯಾಡ್ರಿ. ತುಳ್ಕೊಂಡ ಬಂದು ನಮ್ಮ ಬಾಗಲ ಮುಂದ ನಿಂದ್ರಸ್ರಿ. ಅವರು ನಿಂದ್ರಸ್ತಿದ್ರಲ್ಲ, ಹಂಗ."

ಇಷ್ಟೇ ಅವರು ಕೇಳಿದ್ದು. ನಾನು ಎದೆ ಮುಟ್ಟಿ ಒಪ್ಪಿಕೊಂಡೆ.

ಮರುದಿನ ಬೆಳಗ್ಗೆ ಶರಣಮ್ಮ ಸೈಕಲ್ಲಿಗೆ ಕುಂಕುಮ ಹಚ್ಚಿ, ಟೈರಿನ ಕೆಳಗೆ ನಿಂಬೆಹಣ್ಣು ಇಟ್ಟು, ಎರಡು ಪಾಲು ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಎರಡು ಪಾಲು ಯಾಕೆ ಎಂದು ನಾನು ಕೇಳಲಿಲ್ಲ. ಗೆಳೆಯನ ಸೈಕಲ್ಲು ಕೊನೆಯ ಸಲ ಹೊರಟಿದೆ, ಅದು ಓಣಿಯಲ್ಲಿ ಅರಚಿ ಭಾಬಿಯ ಮನಸ್ಸು ನೋಯಿಸಬಾರದು ಎಂಬ ಉದಾತ್ತ ವಿಚಾರ ನನಗೆ ಆಗ ಹೊಳೆಯಿತು. ಬಟ್ಟಲು ತಂದೆ. ಆ ಹೊಳೆಯುವ ತಟ್ಟೆಗಳಿಗೆ, ಅವುಗಳನ್ನು ಹಿಡಿಯುವ ಚಿಮಟಕ್ಕೆ, ಬೆರಳು ಹೋಗದ ಸಂದಿಗಳಿಗೆ ಕೋಳಿಗರಿ ಅದ್ದಿ ಮನಸಾರೆ ಕುಸುಬಿ ಎಣ್ಣೆ ಹಚ್ಚಿ, ಗರಿಯನ್ನು ಕಿಸೆಗೆ ಸೇರಿಸಿದೆ.

"ಸಪ್ಪಳ ಬಂದ್ ಆತೇನ್ರಿ?" ಎಂದಳು ಶರಣಮ್ಮ.

"ಸಂಪೂರ್ಣ," ಎಂದೆ ನಾನು.

ಚಿಂಚೋಳಿಯವರೆಗೆ ಸೈಕಲ್ಲೂ ನಾನೂ ತರಕಾರಿ ಟೆಂಪೋದಲ್ಲಿ ಹೋದೆವು. ಅಲ್ಲಿಂದ ಮುಂದೆ ಗುಡ್ಡದ ಖಡಿ ರಸ್ತೆ. ಗೇರು ಬದಲಿಸುವ ವಿದ್ಯೆ ನನಗೆ ಗೊತ್ತಿರಲಿಲ್ಲವಾದ್ದರಿಂದ ಏರಿನಲ್ಲೆಲ್ಲ ಸೈಕಲ್ಲನ್ನು ನಾನೇ ದೂಡಿದೆ. ಖಡಿ ಕಾಲಡಿಯಲ್ಲಿ ಜಾರುತ್ತಿತ್ತು. ಹೀಗೆ ನೋಡಿದರೆ ಗ್ರಾವೆಲ್ ಬೈಕು ನನ್ನ ಮೇಲೆ ಸವಾರಿ ಮಾಡಿತೆನ್ನುವುದೇ ಸರಿ. "ಈಗ ನಿನ್ನ ಸರದಿ" ಎಂದು ಎರಡು ಸಲ ಬಾಯಿಗೆ ಬಂತು. ಪಕ್ಕದಲ್ಲಿ ಯಾರೂ ಇರಲಿಲ್ಲ.

ದಿನ್ನೆಯ ತುದಿಗೆ ಬಂದಾಗ ಗಿಡಗಳ ಆಚೆ ಕೆರೆ ಕಂಡಿತು. ಮೊಬೈಲಿನಲ್ಲಿ ಕಂಡ ನೀಲಿ ಅಲ್ಲ, ನಮ್ಮ ಮಣ್ಣು ಕಲಸಿದ ಬಣ್ಣ. ಆದರೂ ಅಷ್ಟು ಅಗಲದ ನೀರು, ಅದರ ಸುತ್ತ ಗುಡ್ಡ. ಅವನು ಇದನ್ನು ನೋಡಬೇಕಿತ್ತು. ಕಣ್ಣು ಒರೆಸಿಕೊಂಡು, ಇಳಿಜಾರನ್ನಾದರೂ ಗೌರವದಿಂದ ತುಳಿದು ಹೋಗೋಣವೆಂದು ಸೈಕಲ್ ಏರಿದೆ.

ತುಳಿಯುವ ಅಗತ್ಯ ಬೀಳಲಿಲ್ಲ.

ಸೈಕಲ್ಲು ತಾನಾಗಿಯೇ ವೇಗ ಹಿಡಿಯಿತು. ನಾನು ಬ್ರೇಕ್ ಹಿಡಿದೆ. ಯಾವ ಸಪ್ಪಳವೂ ಇಲ್ಲ. ನನ್ನ ಎಣ್ಣೆಯ ಮಹಿಮೆಗೆ ಅರೆಗಳಿಗೆ ಹಿಗ್ಗಿದೆ. ಮರುಗಳಿಗೆಯಲ್ಲಿ, ಸಪ್ಪಳದ ಜೊತೆ ಬ್ರೇಕೂ ಹೋಗಿದೆ ಎಂಬ ಸತ್ಯ ತಿಳಿಯಿತು. ಎರಡೂ ಕೈಯಿಂದ ಹಿಂಡಿದೆ. ಮಹಿಬೂಬನನ್ನು ಕೂಗಿದೆ. ಸೈಕಲ್ಲು ಖಡಿ ಹಾರಿಸುತ್ತ, ಕಾರೆ ಮುಳ್ಳಿನ ಕಂಟಿಗೆ ನನ್ನ ಅಂಗಿಯ ತೋಳು ದಾನ ಮಾಡಿ, ನೆಟ್ಟಗೆ ಕೆರೆಯೊಳಗೆ ಹೋಗಿ ನಿಂತಿತು. ಕೊನೆಗೂ ನಿಂತಿತು!

ದಂಡೆಯ ಮೇಲೆ ಆಡು ಮೇಯಿಸುತ್ತಿದ್ದ ಮುದುಕಿ ಓಡಿ ಬಂದಳು.

"ಬ್ರೇಕ್ ಇಲ್ಲೇನ್ರಿ ಯಪ್ಪಾ?"

"ಇತ್ತವ್ವ," ಎಂದೆ ಸೊಂಟದವರೆಗೆ ನೀರಿನಲ್ಲಿ ಮುಳುಗಿ ಕುಳಿತು. "ಮುಂಜಾನಿ ಎಣ್ಣಿ ಹಚ್ಚಿದೆ."

ಅವಳು ಮೂಗು ಅರಳಿಸಿದಳು. "ಅದಕ್ಕೇ ಭಜಿ ಕರದಂಗ ವಾಸನಿ ಬರಾಕತ್ತದ. ಏಳ್ರಿ, ಕೈ ಕೊಡ್ರಿ. ಜೋಡಿ ಯಾರೂ ಇಲ್ಲೇನು?"

"ಇದ್ದ," ಎಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು. ನೀರಿನಲ್ಲಿ ಕುಳಿತು, ಮಂಡಿ ತರಚಿಕೊಂಡು, ಗುರುತಿಲ್ಲದ ಹೆಂಗಸಿನ ಮುಂದೆ ನಾನು ಗಟ್ಟಿಯಾಗಿ ಅತ್ತೆ. ಅವನ ಮಣ್ಣಿಗೆ ಹೋದಾಗಲೂ ಅಷ್ಟು ಅತ್ತಿರಲಿಲ್ಲ. ಪೆಟ್ಟು ಜೋರಾಗಿದೆ ಎಂದು ತಿಳಿದ ಅವಳು ಮಂಡಿಗೆ ಯಾವುದೋ ಸೊಪ್ಪು ಅರೆದು ಹಚ್ಚಿದಳು. ಮಹಿಬೂಬನ ಪಾಲಿನ ರೊಟ್ಟಿ ಅರ್ಧ ನೆನೆದಿತ್ತು. ಅದನ್ನು ಅವಳಿಗೆ ಕೊಟ್ಟೆ. ಇಬ್ಬರೂ ಕೆರೆ ನೋಡುತ್ತ ತಿಂದೆವು.

ಸಂಜೆ ಟಂಟಂ ಆಟೊ ಒಂದರಲ್ಲಿ ಸೇಡಂ ಮುಟ್ಟಿದೆ. ಸೈಕಲ್ಲಿಗೆ ದೊಡ್ಡ ಗಾಯವಿರಲಿಲ್ಲ. ಕೊಟ್ಟ ಮಾತು ನೆನಪಿಟ್ಟು ಓಣಿಯ ತಿರುವಿನಲ್ಲೇ ಇಳಿದೆ, ಕುಂಟುತ್ತ ಹತ್ತಿ ತುಳಿದೆ. ಬಾಗಿಲ ಮುಂದೆ ಬಂದು ಬ್ರೇಕ್ ಹಿಡಿದೆ. ಭಾಬಿಯ ಬಾಗಿಲು ದಾಟಿತು, ಪಕ್ಕದ ಮನೆಯ ಬಾಗಿಲೂ ದಾಟಿತು. ಅಲ್ಲಿದ್ದ ಶಹಾಬಾದ ಕಲ್ಲಿನ ಕಟ್ಟೆಗೆ ಢಿಕ್ಕಿ ಹೊಡೆದು ನಿಂತಿತು.

ಭಾಬಿ ಹೊರಗೆ ಬಂದರು. ಕೈಯಲ್ಲಿ ಖಾಲಿ ಚಹಾ ಪಾತ್ರೆ.

"ಯಾವಾಗ ಬಂದ್ರಿ ಅಣ್ಣಾರ? ನಾ ಅಡಗಿಮನ್ಯಾಗ ಕಿವಿ ಕೊಟ್ಟು ಕುಂತೀನಿ. ಸಪ್ಪಳಾನೆ ಬರಲಿಲ್ಲ."

"ಯಾವ ಸಪ್ಪಳ ಭಾಬಿ?" ಎಂದೆ. ಕೇಳುವಾಗಲೇ ನನಗೆ ಗೊತ್ತಾಗಿತ್ತು.

"ಅದೇರಿ, ಕಿರ್ರ್ ಅಂತಿತ್ತಲ್ಲ. ಅದು ಕೇಳಿದ ಕೂಡ್ಲೇ ನಾ ಚಹಾಕ್ಕ ಇಡ್ತಿದ್ದೆ. ಅವರು ಕಾಲು ತೊಳಕೊಂಡು ಒಳಗ ಬರೋದ್ರಾಗ ಕುದೀತಿತ್ತು." ಪಾತ್ರೆಯನ್ನು ನೋಡಿಕೊಂಡು ಮೆಲ್ಲಗೆ ಹೇಳಿದರು: "ಒಯ್ಯೋಕಿಂತ ಮೊದಲ ಒಮ್ಮೆ ಕೇಳಬೇಕಂತ ಇತ್ತು."

ನಾನು ಚಕ್ರ ಎತ್ತಿ ತಿರುಗಿಸಿ ಬ್ರೇಕ್ ಹಿಡಿದೆ. ಇಲ್ಲ. ಮತ್ತೆ ತಿರುಗಿಸಿದೆ. ಕುಸುಬಿ ಎಣ್ಣೆ ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿತ್ತು. ಓಣಿಯ ನಾಯಿಗಳು ಮಲಗಿಯೇ ಇದ್ದವು. ಇಡೀ ಊರಿನ ಸಪ್ಪಳ ನಿಲ್ಲಿಸಿದ ನಾನು, ನಿಲ್ಲಿಸಬಾರದ ಒಂದೇ ಒಂದು ಸಪ್ಪಳವನ್ನು ಅವರ ಬಾಗಿಲಲ್ಲೇ ನಿಲ್ಲಿಸಿದ್ದೆ.

ಏನು ಮಾಡಬೇಕೋ ತೋಚದೆ, ಹರಿದ ಅಂಗಿಯಲ್ಲಿ, ಸೊಪ್ಪು ಮೆತ್ತಿದ ಮಂಡಿಯಲ್ಲಿ, ನಿವೃತ್ತ ಮಾಸ್ತರನಾದ ನಾನು ಸೈಕಲ್ಲಿನ ಪಕ್ಕ ನಿಂತು ಬಾಯಿಯಿಂದಲೇ "ಕಿರ್ರ್" ಎಂದೆ.

ಭಾಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಕ್ಕರು. ಆ ನಗು ಅಲ್ಲೇ ಅಳುವಾಯಿತು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಒರೆಸಿಕೊಂಡು, "ಕುಂದ್ರಿ, ಚಹಾಕ್ಕ ಇಡ್ತೀನಿ," ಎಂದು ಒಳಗೆ ಹೋದರು.

ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದ ಶರಣಮ್ಮ ಎಲ್ಲವನ್ನೂ ನೋಡಿದ್ದಳು. ಹತ್ತಿರ ಬಂದು ನನ್ನ ಕಿಸೆಯಲ್ಲಿದ್ದ ಕೋಳಿಗರಿಯನ್ನು ತೆಗೆದು ಎಸೆದಳು.