ಸಾಲಿಗೆಂದು ತಂದ ಸಕ್ಕರೆ

ಅಂದಾನೆಪ್ಪ ಬುಧವಾರದ ದಿನ ತಲೆಮೇಲೆ ನೀರು ಹಾಕಿಕೊಂಡು ಜರಿಯಂಚಿನ ರುಮಾಲು ಸುತ್ತಿದ್ದೇ ತಪ್ಪಾಯಿತು. ಮುಂಡಗೋಡ ತಾಲೂಕಿನ ಕೆಂಚನಕೊಪ್ಪದಲ್ಲಿ ಹಿಟ್ಟಿನ ಗಿರಣಿ ನಡೆಸುವ ಮನುಷ್ಯ ಅವನು. ವರ್ಷದುದ್ದಕ್ಕೂ ಹುಬ್ಬಿನಿಂದ ಹಿಮ್ಮಡಿಯವರೆಗೆ ಹಿಟ್ಟು ಮೆತ್ತಿಕೊಂಡೇ ತಿರುಗುತ್ತಿದ್ದುದರಿಂದ ಅವನ ಮೀಸೆ ಕರಿದೋ ಬಿಳಿದೋ ಊರಿಗೆ ಗೊತ್ತಿರಲಿಲ್ಲ. ಅಂಥವನು ವಾರದ ನಡುವೆ ಗಿರಣಿ ಬಂದ್ ಮಾಡಿ, ಮಿಂದು, ರುಮಾಲು ಸುತ್ತಿ ಹೊರಬಿದ್ದರೆ ನೋಡಿದವರು ಸುಮ್ಮನಿರುತ್ತಾರೆಯೆ? ಪಾಪ, ಅವನಿಗೆ ಅದು ಹೊಳೆಯಲಿಲ್ಲ. ಅವನ ತಲೆಯ ತುಂಬ ಹೈಸ್ಕೂಲೇ ಇತ್ತು.

ಅವನ ಒಬ್ಬಳೇ ಮಗಳು ಹೊಳೆವ್ವ ಏಳನೆಯ ಇಯತ್ತೆ ಪಾಸಾಗಿ ಮನೆಯಲ್ಲಿ ಕೂತಿದ್ದಳು. ಮುಂದಿನ ಶಾಲೆಗೆ ಮುಂಡಗೋಡಕ್ಕೇ ಹೋಗಬೇಕು, ಅಷ್ಟು ದೂರ ಹೆಣ್ಣುಹುಡುಗಿಯನ್ನು ಬಸ್ಸಿನಲ್ಲಿ ಕಳಿಸುವ ರೂಢಿ ಊರಲ್ಲಿರಲಿಲ್ಲ. ಹುಡುಗಿ ಗಿರಣಿಗೆ ಬಂದು, ಜನ ಕಾಳು ಕಟ್ಟಿ ತಂದ ಹಳೆಯ ಪೇಪರಿನ ಚೂರುಗಳನ್ನು ಹಿಟ್ಟು ಕೊಡವಿ ಓದುತ್ತಿದ್ದಳು. ಅರ್ಧಕ್ಕೆ ಹರಿದ ಸುದ್ದಿಯ ಉಳಿದರ್ಧ ಎಲ್ಲಿ ಸಿಕ್ಕೀತೆಂದು ಕೇಳುತ್ತಿದ್ದಳು. ಅಂದಾನೆಪ್ಪ ಗಿರಣಿಯ ಮೂಲೆಮೂಲೆ ತಡಕಿ ಆ ಉಳಿದರ್ಧವನ್ನು ಹುಡುಕುತ್ತಿದ್ದ.

ಹೆಂಡತಿ ಶಿವಗಂಗವ್ವನ ಹಟ ಬೇರೆ. ಮುಂಡಗೋಡದ ಅಕ್ಕಿ ಗಿರಣಿಯಲ್ಲಿ ಕಾರಕೂನನಾಗಿದ್ದ ತನ್ನ ತಮ್ಮ ಗುರುಪಾದಪ್ಪನಿಗೇ ಹುಡುಗಿಯನ್ನು ಕೊಡಬೇಕು ಎಂದು. ಗಂಡ ಹೆಂಡತಿ ಜಗಳಾಡಿ ಕೊನೆಗೊಂದು ಒಪ್ಪಂದಕ್ಕೆ ಬಂದಿದ್ದರು. ಊರಿಗೆ ಹೈಸ್ಕೂಲು ಬಂದರೆ ಹೊಳೆವ್ವ ಓದುವುದು, ಬರದಿದ್ದರೆ ಲಗ್ನ.

ಆ ವರ್ಷ ಹೈಸ್ಕೂಲು ಬರುವ ಯೋಗ ಕಂಡಿತು. ಒಂದೋ ಕೆಂಚನಕೊಪ್ಪಕ್ಕೆ, ಇಲ್ಲವೆ ಪಕ್ಕದ ಹನಮಾಪುರಕ್ಕೆ. ನೋಡಿ ನಿರ್ಧರಿಸಲು ಶಿಕ್ಷಣ ಇಲಾಖೆಯ ಸಾಹೇಬರು ಗುರುವಾರ ಬರುವವರಿದ್ದರು. ಊರ ಪ್ರಾಥಮಿಕ ಶಾಲೆಯ ಲುಯಿಸ್ ಮಾಸ್ತರರು ಬೆಳಿಗ್ಗೆ ಬೆಳಿಗ್ಗೆಯೇ ಗಿರಣಿಗೆ ಬಂದರು. ಮಾಸ್ತರರು ಹಳಿಯಾಳದ ಕಡೆಯ ಸಿದ್ದಿ ಮನೆತನದವರು, ಹೊಳೆವ್ವನಿಗೆ ಅಕ್ಷರ ತಿದ್ದಿಸಿದವರು.

“ಅಂದಾನೆಪ್ಪಾರ, ಸಾಹೇಬರು ಕಟ್ಟಡ ನೋಡಂಗಿಲ್ಲ, ಮಂದೀನ್ನ ನೋಡ್ತಾರ. ಸಾಲಿ ಕಮಿಟಿಗೆ ನಾಕು ಮಂದಿ ಗಟ್ಟಿ ಆಳು ಬೇಕು. ಅವರು ಒಂದು ಮಾತು ಅಂದ್ರ ಊರಾಗ ಯಾರೂ ಎರಡು ಅನಬಾರದು. ಕೊಟ್ಟ ಮಾತು ತಿರುಗಿ ತಗೊಳ್ಳುವವರು ಬ್ಯಾಡ.”

“ಹಂಗಾರ ನಾಗಲಿಂಗಪ್ಪ ಗೌಡ್ರು, ಅಂಗಡಿ ಚನಬಸಪ್ಪಾರು, ಸೂಲಗಿತ್ತಿ ಸಿದ್ದಕ್ಕ. ನಾಕನೇದವ ಬೇಕಾದ್ರ ನಾ ಇದ್ದೇನಿ. ಆದ್ರ ಆ ಮೂರೂ ಮಂದಿ ಒಬ್ಬರ ಮಾರಿ ಒಬ್ಬರು ನೋಡಂಗಿಲ್ಲಲ್ರಿ.”

“ಅದಕ್ಕ ಹೇಳೂದು. ನಮ್ಮ ಸಿದ್ದಿ ಮಂದ್ಯಾಗ ಊರಿಗೊಬ್ಬ ಬುಧವಂತ ಅಂತ ಹಿರ್ಯಾ ಇರ್ತಾನ, ಅಂವ ಹೂಂ ಅಂದ್ರ ಮುಗೀತು. ನಿಮ್ಮಲ್ಲಿ ಮೂರು ಮಂದಿ ಅನಬೇಕು. ನೀವು ಸಾಲಿ ಅಂತ ಬಾಯಿ ಬಿಟ್ರ, ಅಧ್ಯಕ್ಷ ಯಾರು ಅಂತ ಮೊದಲ ಕೇಳ್ತಾರ, ಅಲ್ಲಿಗೆ ಎಲ್ಲಾ ಕೆಡತೈತಿ. ನಮ್ಮ ಹುಡುಗಿ ವಿಚಾರ ಐತಿ, ಸಂಜೀಕ ಮನೀಗೆ ಬರ್ರಿ, ಅಷ್ಟ ಅನ್ರಿ. ಅದು ಸುಳ್ಳೇನಲ್ಲ. ನಾ ಮುಂಡಗೋಡಕ್ಕ ಹೋಗಿ ಸಾಹೇಬರನ್ನ ಕಂಡು ಸಂಜೀ ಬಸ್ಸಿಗೆ ಬರ್ತೇನಿ. ಎಲ್ಲಾರೂ ಕೂತ ಮ್ಯಾಲೆ ನಾನ ಬಿಡಿಸಿ ಹೇಳ್ತೇನಿ.”

ಉಪಾಯ ಕೇಳಲು ಚೆಂದವೇ ಇತ್ತು. ಅದನ್ನು ಹೆಣೆದವರು ಕೆಂಚನಕೊಪ್ಪದವರಲ್ಲ, ಕೇಳಿಸಿಕೊಂಡವನಿಗೆ ಮಗಳ ಓದು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅಷ್ಟೇ ಅದರಲ್ಲಿದ್ದ ಐಬು.

ಅಂದಾನೆಪ್ಪ ಮೊದಲು ಚನಬಸಪ್ಪನ ಅಂಗಡಿಗೆ ಹೋದ. ಬಂದ ಹಿರಿಯರಿಗೆ ಚಹಾ ಮಾಡಬೇಕಲ್ಲ.

“ಎರಡು ಕಿಲೋ ಸಕ್ಕರಿ ಕೊಡ್ರಿ.”

ಚನಬಸಪ್ಪ ತಕ್ಕಡಿ ಹಿಡಿದವನು ಹಾಗೇ ನಿಂತ. “ಇಷ್ಟು ಯಾಕಪ್ಪಾ?”

“ಸಂಜೀಕ ಹಿರೇರು ಕೂಡೋರದಾರ. ನೀವೂ ಬರಬೇಕ್ರಿ. ನಮ್ಮ ಹೊಳೆವ್ವನ ವಿಚಾರ ಐತಿ.”

ಚನಬಸಪ್ಪ ರುಮಾಲು ನೋಡಿದ, ಮೀಸೆ ನೋಡಿದ. ರೇಶನ್ ಕಾರ್ಡು ತೋರಿಸಿದರೂ ಸಕ್ಕರೆ ಬಂದಿಲ್ಲವೆನ್ನುವ ಆಸಾಮಿ, ಕಾರ್ಡು ಕೇಳದೆ ಒಳಕೋಣೆಯ ಚೀಲದಿಂದ ತೂಗಿಕೊಟ್ಟು ಮೇಲೊಂದು ಹಿಡಿ ಸುರಿದ. “ಇದು ನನ್ನ ಕಡಿಂದ ಇರಲಿ,” ಎಂದ. ಅಂದಾನೆಪ್ಪ ಬೆರಗಾದ. ಗಟ್ಟಿ ಮಂದಿಯನ್ನು ಕೂಡಿಸುವುದು ಇಷ್ಟು ಸಲೀಸೆಂದು ಗೊತ್ತಿದ್ದರೆ ಹೋದ ವರ್ಷವೇ ಮಾಡುತ್ತಿದ್ದೆನಲ್ಲ ಎಂದುಕೊಂಡ.

ಅದೇ ಗಂಟು ಹಿಡಿದು ಗೌಡರ ಪಡಸಾಲೆಗೆ ಹೋದ. ಗೌಡರಿಗೂ ಚನಬಸಪ್ಪನಿಗೂ ಹೊಲದ ಬದುವಿನ ಮೇಲೆ ಕೋರ್ಟು ನಡೆದಿತ್ತು. ಒಬ್ಬರು ಕೂತ ಕಟ್ಟೆಯ ಮೇಲೆ ಇನ್ನೊಬ್ಬರು ಕೂಡುತ್ತಿರಲಿಲ್ಲ.

“ಚನಬಸಪ್ಪಾರೂ ಬರ್ತಾರ್ರಿ,” ಎಂದು ಅಂದಾನೆಪ್ಪ ಅಂಜುತ್ತಲೇ ಹೇಳಿದ.

ಗೌಡರ ಕಣ್ಣು ಸಕ್ಕರೆಯ ಗಂಟಿನ ಮೇಲೆ ನಿಂತಿತು. “ಬರಲಿ ಬಿಡು. ಇಂಥಾ ಕೆಲಸದಾಗ ಯಾರರ ದ್ವೇಷ ಸಾಧಸ್ತಾರೇನು? ಮತ್ತೇನೂ ಕೇಳಂಗಿಲ್ಲ ನಾ. ಮನೀಗೆ ಬಂದ ಮಾತಾಡೂಣು.”

ಅಂದಾನೆಪ್ಪನ ಕಣ್ಣಲ್ಲಿ ನೀರು ಬಂತು. ಹೆಣ್ಣು ಕೊಡುವ ಮಾತನ್ನು ಹೊರಗೆ ನಿಂತು ಕೇಳಬಾರದೆಂಬುದು ಊರ ರೀತಿ. ಗೌಡರು ಅದನ್ನು ಪಾಲಿಸುತ್ತಿದ್ದರು, ಇವನು ಅದನ್ನು ಗೌಡರ ದೊಡ್ಡಗುಣವೆಂದು ತಿಳಿದು ಕಾಲಿಗೆ ಬಿದ್ದ.

ಸಿದ್ದಕ್ಕನದು ಇನ್ನೂ ಸುಲಭವಾಯಿತು. ಅರ್ಧ ಊರನ್ನು ಹೆರಿಗೆ ಮಾಡಿಸಿ ಭೂಮಿಗೆ ಇಳಿಸಿದವಳು ಅವಳು. ಯಾರಾದರೂ ಎದುರಾಡಿದರೆ, ಅವರು ಹುಟ್ಟುವಾಗ ಕೊಟ್ಟ ತ್ರಾಸನ್ನು ನಾಲ್ಕು ಮಂದಿಯ ಮುಂದೆ ವರ್ಣಿಸುತ್ತಿದ್ದಳು, ಹಾಗಾಗಿ ಯಾರೂ ಎದುರಾಡುತ್ತಿರಲಿಲ್ಲ. ಗಂಟನ್ನು ಕಂಡವಳೇ, “ಬರ್ತೇನಿ ಹೋಗೋ,” ಎಂದು ಸೀದಾ ಬಾವಿಕಟ್ಟೆಗೆ ನಡೆದಳು. ಅಲ್ಲಿ ನೀರು ಸೇದುತ್ತಿದ್ದ ಶಿವಗಂಗವ್ವನ ಕೆನ್ನೆ ಹಿಡಿದು, “ನಿನ್ನ ಗಂಡ ಕಡೀಕೂ ಹಾದಿಗೆ ಬಂದ ನೋಡು,” ಎಂದಳು.

ಶಿವಗಂಗವ್ವ ಕೊಡ ಅಲ್ಲೇ ಇಟ್ಟು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮಧ್ಯಾಹ್ನದ ಬಸ್ಸಿನ ಕಂಡಕ್ಟರನ ಕೈಯಲ್ಲಿ ತಮ್ಮನಿಗೆ, ಸಂಜೆ ಬಸ್ಸಿಗೆ ಬಾ ಎಂದು ಹೇಳಿಕಳಿಸಿದಳು. ಗಂಡನನ್ನು ಕೇಳಲಿಲ್ಲ. ಒಪ್ಪಿದವನನ್ನು ಕೇಳಿ ಮತ್ತೆ ಕೆಡಿಸುವುದೇಕೆ?

ಅಂದಾನೆಪ್ಪನೂ ಹೆಂಡತಿಗೆ ಏನೂ ಹೇಳಲಿಲ್ಲ, ಎಲ್ಲ ಕೂಡಿದ ಮೇಲೆ ತಿಳಿಯಲಿ ಎಂದು. ಮಗಳ ಕಿವಿಯಲ್ಲಿ ಮಾತ್ರ, “ಇವತ್ತ ನಿನ್ನ ಸಾಲಿ ಠರಾವ್ ಆಗ್ತೈತಿ, ಯಾರಿಗೂ ಅನಬ್ಯಾಡ,” ಎಂದ. ಹುಡುಗಿ ಅಂಗಳವನ್ನು ಎರಡೆರಡು ಸಲ ಸಾರಿಸಿದಳು.

ಸಂಜೆ ಮೂವರೂ ಬಂದರು. ಒಂದೇ ಕಂಬಳಿಯ ಮೇಲೆ ಗೌಡರೂ ಚನಬಸಪ್ಪನೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಬಸ್ಸು ಮಾತ್ರ ಬರಲಿಲ್ಲ. ಮಾಸ್ತರರಿಲ್ಲದೆ ಬಾಯಿ ತೆಗೆಯುವ ಧೈರ್ಯವಿಲ್ಲದೆ ಅಂದಾನೆಪ್ಪ, “ಒಂದ ಗಳಿಗಿ ತಡೀರಿ, ಬಸ್ಸು ನೋಡಿ ಬರ್ತೇನಿ,” ಎಂದು ಹೊರಟ. ಹೆಣ್ಣಿನ ತಂದೆ ತಾನೇ ಮಾತು ತೆಗೆಯಲು ಸಂಕೋಚಪಡುತ್ತಾನೆ, ಅದೂ ರೀತಿಯೇ. ಹಿರಿಯರು ತಲೆ ಅಲ್ಲಾಡಿಸಿದರು.

ದಾರಿಯಲ್ಲಿ ಕೆಟ್ಟು ನಿಂತು ತಡವಾಗಿ ಬಂದ ಬಸ್ಸಿನಿಂದ ಲುಯಿಸ್ ಮಾಸ್ತರರು ಇಳಿದರು. ಅವರ ಹಿಂದೆ, ಕ್ರಾಪಿಗೆ ಎಣ್ಣೆ ಸವರಿಕೊಂಡ ಗುರುಪಾದಪ್ಪ ಇಳಿದ.

“ಇವರೂ ನಿಮ್ಮ ಮನೀಗೇ ಅಂತ. ಮ್ಯಾಟ್ರಿಕ್ ಆದವರು, ಕಮಿಟಿಗೆ ಚಲೋ ಆತು,” ಎಂದರು ಮಾಸ್ತರರು.

ಇವನನ್ನು ಕರೆಸಿದ್ದು ಹೆಂಡತಿಯೇ ಎಂದು ಅಂದಾನೆಪ್ಪನಿಗೆ ಹೊಳೆಯಿತು. ಮನೆಯ ಕಡೆ ಓಡುವಂತೆ ನಡೆದ.

ಪಡಸಾಲೆಯಲ್ಲಿ ಗೌಡರ ಮೀಸೆಯ ಮೇಲೆ ಸಕ್ಕರೆಯ ಹರಳು ಹೊಳೆಯುತ್ತಿತ್ತು. ಕಂಬಳಿಯ ನಡುವೆ ತಟ್ಟೆ ಇತ್ತು.

“ಮುಗಿಸಿಬಿಟ್ವಿ ನೋಡು,” ಎಂದರು ಗೌಡರು. “ಸೋದರಮಾವ ಇರೂವಾಗ ಹೊರಗ ಯಾಕ ಹುಡುಕಬೇಕು ಅಂದಳು ಸಿದ್ದಕ್ಕ. ಹೌದು ಅಂದ ಚನಬಸಪ್ಪ. ಹುಡುಗಿ ತಾನ ಸಕ್ಕರಿ ಹಿಡಕೊಂಡು ಬಂದು ಮೂರೂ ಮಂದಿ ಕಾಲಿಗೆ ಬಿದ್ದಳು. ನಕ್ಕೋತ ಬಿದ್ದಳು. ಆಮ್ಯಾಲೆ ನಾಚಿ ಹೊರಗ ಓಡಿದಳು. ಮೇ ತಿಂಗಳದಾಗ ಲಗ್ನ.”

ಕೆಂಚನಕೊಪ್ಪದಲ್ಲಿ ನಿಶ್ಚಯವೆಂದರೆ ಇಷ್ಟೇ. ಹಿರಿಯರು ಕೂತು ಹೆಣ್ಣಿನ ಮನೆಯ ಸಕ್ಕರೆ ತಿಂದರೆ ಮಾತು ಆದಂತೆ. ಹುಡುಗಿ ಓಡಿದ್ದು ನಾಚಿಕೆಯಿಂದಲ್ಲ, ತನಗೆ ಹೈಸ್ಕೂಲು ಬಂತೆಂದು ಗೆಳತಿಗೆ ಹೇಳಲಿಕ್ಕೆ ಎಂಬುದು ಅಂದಾನೆಪ್ಪನಿಗೊಬ್ಬನಿಗೇ ಗೊತ್ತಿತ್ತು. ಅವನು ಗೌಡರ ಮುಂದೆ ಕೂತ.

“ಗೌಡ್ರ, ನಾ ಕರದದ್ದು ಸಾಲಿ ಸಲುವಾಗಿ.”

ಮಾಸ್ತರರು ತೊದಲುತ್ತ ಎಲ್ಲವನ್ನೂ ಬಿಡಿಸಿ ಹೇಳಿದರು. ಗೌಡರು ನಕ್ಕರು.

“ಅದೇನು ದೊಡ್ಡ ಮಾತು? ಜಾಗಾ ನಾ ಕೊಡ್ತೇನಿ. ಚನಬಸಪ್ಪ ಹಂಚು ಕೊಡಸ್ತಾನ. ಸಿದ್ದಕ್ಕ ಮನಿಮನಿಗೆ ಹೋಗಿ ಹುಡುಗರನ್ನ ಹೊರಡಸ್ತಾಳ. ಲೆಕ್ಕಪತ್ರಕ್ಕ ಗುರುಪಾದಪ್ಪ ಅದಾನ, ಇನ್ನ ಈ ಊರ ಅಳಿಯ ಅಂವ.”

“ನಾಕನೇದವ ನಾ ಅಂತ…” ಎಂದ ಅಂದಾನೆಪ್ಪ.

“ನಿನಗ ಲಗ್ನದ ಕೆಲಸ ಐತಲ್ಲೋ.”

ಜಿಲ್ಲೆಯಲ್ಲೇ ಇಂಥ ಗಟ್ಟಿ ಕಮಿಟಿ ಇದ್ದಿರಲಾರದು, ಬದುವಿನ ಕೋರ್ಟು ಸಹ ಆ ಕಂಬಳಿಯ ಮೇಲೇ ರಾಜಿಯಾಗುವಂತಿತ್ತು. ಅಂದಾನೆಪ್ಪ ಕೈಮುಗಿದ. “ಸಾಲಿ ಆತಲ್ರಿ, ಇನ್ನ ಆ ಮಾತು ಬಿಟ್ಟುಬಿಡ್ರಿ. ಆಕಿ ಓದಲಿ ಅಂತನ ಇಷ್ಟೆಲ್ಲಾ ಮಾಡೇನಿ.”

ಕಂಬಳಿಯ ಮೇಲಿನ ನಗು ಆರಿತು. ಒಳಬಾಗಿಲಲ್ಲಿ ನಿಂತ ಶಿವಗಂಗವ್ವ ಸೆರಗು ಬಾಯಿಗೊತ್ತಿಕೊಂಡಳು.

“ಸಕ್ಕರಿ ತಿಂದೇವಿ,” ಎಂದಳು ಸಿದ್ದಕ್ಕ.

“ಇವತ್ತ ಕೊಟ್ಟ ಮಾತು ಇವತ್ತ ಮುರದ್ರ, ನಾಳೆ ಸಾಹೇಬರ ಮುಂದ ನಮ್ಮ ಮಾತಿಗೆ ಏನು ಕಿಮ್ಮತ್ತು ಹೇಳು?” ಗೌಡರ ದನಿ ಮೆತ್ತಗೇ ಇತ್ತು. “ತಂದಿ ಬಾಯಿಗೆ ಸಕ್ಕರಿ ಬಿದ್ದಿಲ್ಲ, ಖರೆ. ಬ್ಯಾಡಾದ್ರ ಬ್ಯಾಡ ಅನ್ನು. ನಾವು ಎದ್ದು ಹೋಗ್ತೇವಿ. ಆದ್ರ ನಾಳೆ ಯಾರೂ ಬಂದು ಕೂಡಂಗಿಲ್ಲ. ಸಾಲಿ ಹನಮಾಪುರಕ್ಕ ಹೋಗಲಿ.”

ಸಿದ್ದಕ್ಕ ಅವನ ಅಂಗೈ ಬಿಡಿಸಿ ಒಂದು ಚಿಟಿಕೆ ಸಕ್ಕರೆ ಇಟ್ಟಳು. ಅಂದಾನೆಪ್ಪ ಮಾಸ್ತರರ ಮುಖ ನೋಡಿದ. ಮಾಸ್ತರರು ನೆಲ ನೋಡುತ್ತಿದ್ದರು. ತಿಂದರೆ ಮಗಳಿಗೆ ಓದಿಲ್ಲ. ತಿನ್ನದಿದ್ದರೆ ಊರಿಗೆ ಶಾಲೆಯಿಲ್ಲ, ಶಾಲೆಯಿಲ್ಲದಿದ್ದರೆ ಹೆಂಡತಿಗೆ ಕೊಟ್ಟ ಮಾತಿನಂತೆ ಲಗ್ನವೇ. ಇಷ್ಟಾದರೂ ಅವನು ಬಾಯಿ ತೆರೆಯಲಿಲ್ಲ. ಬೆವರಿಗೆ ಸಕ್ಕರೆ ಅಂಗೈಯಲ್ಲೇ ಕರಗತೊಡಗಿತು.

ಆಗ ಹೊಳೆವ್ವ ಏದುಸಿರು ಬಿಡುತ್ತ ಒಳಗೆ ಬಂದಳು. ಮಾವನ ಕಡೆ ನೋಡಲೂ ಇಲ್ಲ, ಸೀದಾ ಮಾಸ್ತರರ ಮುಂದೆ ನಿಂತಳು.

“ಮಾಸ್ತರ, ನಮ್ಮೂರಿಗೆ ಸಾಲಿ ಬಂತೇನ್ರಿ?”

ಮಾಸ್ತರರು ಹೌದೆಂದು ತಲೆಯಾಡಿಸಿದರು.

ಹುಡುಗಿ ಅಪ್ಪನ ಕಡೆ ತಿರುಗಿ, ಅಂಗೈ ಕಂಡು ನಕ್ಕಳು. “ಎಲ್ಲಾರೂ ತಿಂದಾರ, ನೀ ಒಬ್ಬನ ಉಳದಿಯಲ್ಲಪ್ಪಾ,” ಎಂದು ತಟ್ಟೆಯಿಂದ ದೊಡ್ಡದೊಂದು ಚಿಟಿಕೆ ತೆಗೆದು ಅವನ ಬಾಯಿಗೆ ಹಿಡಿದಳು. ಇಡೀ ಊರಿಗೆ ಇಲ್ಲವೆನ್ನಬಹುದಿತ್ತು ಅಂದಾನೆಪ್ಪ. ಆ ಕೈಗೆ ಇಲ್ಲವೆನ್ನಲಾಗಲಿಲ್ಲ. ಬಾಯಿ ತೆರೆದ.

“ಆತು,” ಎಂದು ಸಿದ್ದಕ್ಕ ಎಲೆಅಡಿಕೆಯ ಚೀಲ ಎತ್ತಿಕೊಂಡು ಎದ್ದಳು. ಗೌಡರೂ ಚನಬಸಪ್ಪನೂ ಒಬ್ಬರ ಹೆಗಲು ಒಬ್ಬರು ಹಿಡಿದು ಎದ್ದರು.

“ಸಾಲಿ ಯಾವಾಗಿಂದಪ್ಪಾ?” ಎಂದು ಕೇಳಿದಳು ಹೊಳೆವ್ವ.

“ಜೂನದಾಗ,” ಎಂದ ಅಂದಾನೆಪ್ಪ. ಬಾಯಲ್ಲಿ ಸಕ್ಕರೆ ಇದ್ದುದರಿಂದ ಮಾತು ಸರಿಯಾಗಿ ಹೊರಡಲಿಲ್ಲ.