ಎಲ್ಲವೂ ಸೇರಿ, ಇಬ್ಬರಿಗೆ

ಘಾಟಬೋರಾಳದ ಕಲ್ಲಿನಾಥ ಮುಂಜಾನೆ ಬಾಯಲ್ಲಿ ಬ್ರಶ್ಶು ಇಟ್ಟುಕೊಂಡೇ ಫೋನು ತೆರೆದ. ಕಾರ್ಡಿನ ಆ್ಯಪಿನಲ್ಲಿ ಕೆಂಪು ಅಕ್ಷರದ ಸೂಚನೆಯೊಂದಿತ್ತು: ಅವನ ಪಾಯಿಂಟುಗಳೆಲ್ಲ ಇವತ್ತು ಸಂಜೆ ಆರಕ್ಕೆ ರದ್ದಾಗುತ್ತವೆ. ಪೇಸ್ಟು ಗಂಟಲಿಗೆ ಇಳಿಯಿತು.

ಊರಿನಲ್ಲಿ ಕ್ರೆಡಿಟ್ ಕಾರ್ಡು ಇದ್ದದ್ದು ಅವನೊಬ್ಬನ ಬಳಿ. ಯಾರು ಫ್ರಿಜ್ಜು ಕೊಳ್ಳಲಿ, ಪೈಪು ಕೊಳ್ಳಲಿ, ಮದುವೆಗೆ ಬಂಗಾರ ಕೊಳ್ಳಲಿ, ಜೊತೆಗೆ ಹೋಗಿ ಕಾರ್ಡು ಉಜ್ಜಿ ಅವರಿಂದ ನಗದು ಪಡೆಯುತ್ತಿದ್ದ. ಊರವರು ಇದನ್ನು ಉಪಕಾರವೆಂದು ತಿಳಿದಿದ್ದರು. ಆ ತಿಳಿವಳಿಕೆಯನ್ನು ತಿದ್ದಲು ಅವನೂ ಹೋಗಿರಲಿಲ್ಲ. ಪಾಯಿಂಟುಗಳು ಮಾತ್ರ ಸದ್ದಿಲ್ಲದೆ ಹುತ್ತದಂತೆ ಬೆಳೆದಿದ್ದವು.

ಹೈದರಾಬಾದ್ ಕಡೆಯ ಒಂದು ರೆಸಾರ್ಟಿನಲ್ಲಿ ಇಬ್ಬರಿಗೆ ಎರಡು ರಾತ್ರಿ, ಊಟ, ತಿಂಡಿ, ಚಹಾ, ಈಜುಕೊಳ ಎಲ್ಲವೂ ಸೇರಿ, ಆ ಪಾಯಿಂಟುಗಳಿಗೆ ಸಿಗುತ್ತಿತ್ತು. "ಒಮ್ಮಿಯಾದ್ರೂ ಬ್ಯಾರೆಯವರು ಮಾಡಿದ್ದು ಕುಂತು ಉಣ್ಣಬೇಕ್ರಿ" ಎನ್ನುತ್ತಿದ್ದ ಹೆಂಡತಿ ಉಮಾದೇವಿಗೆ ಅವನು ಮಾತು ಕೊಟ್ಟು ಎರಡು ಸುಗ್ಗಿ ದಾಟಿದ್ದವು. ಇವತ್ತು ತಪ್ಪಿದರೆ ಆ ಮಾತನ್ನು ಇನ್ನೊಮ್ಮೆ ಕೊಡುವ ಧೈರ್ಯ ಅವನಿಗಿರಲಿಲ್ಲ.

"ಎಲ್ಲಾ ಖರೆ," ಎಂದಳು ಉಮಾದೇವಿ. "ಎಮ್ಮಿ ಯಾರು ಹಿಂಡ್ತಾರ?"

ಕಲ್ಲಿನಾಥ ಮೊಣಕಾಲು ಸವರಿಕೊಂಡ. ಆ ಎಮ್ಮೆ ಗಂಡಸರನ್ನು ಹತ್ತಿರ ಬಿಡುತ್ತಿರಲಿಲ್ಲ. ಹಿಂದೆ ಆಕೆ ತವರಿಗೆ ಹೋದಾಗ ಇವನು ಹಿಂಡಲು ಕೂತು ಮೊಣಕಾಲಿಗೆ ಒದೆ ತಿಂದಿದ್ದ. ಕೊನೆಗೆ ಅವಳ ಹಸಿರು ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು ಕೂತಾಗ ಎಮ್ಮೆ ಸುಮ್ಮನೆ ಹಾಲು ಇಳಿಸಿತ್ತು. ಈ ಸಂಗತಿ ಊರಲ್ಲಿ ಯಾರಿಗೂ ಗೊತ್ತಿಲ್ಲವೆಂಬುದೇ ಅವನ ಸಮಾಧಾನ.

"ಬಾಜೂ ಮನಿ ಜಗದೇವಕ್ಕಗ ಹೇಳ್ಲೇನು?" ಎಂದಳು ಉಮಾದೇವಿ.

"ಬ್ಯಾಡವಾ. ಅಕಿಗ ಹೇಳೋದೂ ಒಂದ, ಗುಡಿ ಮೈಕಿನ್ಯಾಗ ಹೇಳೋದೂ ಒಂದ. ಪೈಪು ನಮ್ಮ ಕಾರ್ಡಿನ್ಯಾಗ ತಗೊಂಡಾಳ, ಪಾಯಿಂಟಿನ್ಯಾಗ ಪಾಲು ಕೇಳ್ತಾಳ. ನಮ್ಮ ಸೋನುಬಾಯಿನ್ನ ಕರೀತೀನಿ."

ಗೋಡೆಯಾಚೆ ಮೆಣಸಿನಕಾಯಿ ಹರಡುತ್ತಿದ್ದ ಕೈಗಳ ಸದ್ದು ನಿಂತದ್ದು ಅವನಿಗೆ ಕೇಳಿಸಲಿಲ್ಲ.

ಬೈಕು ಹತ್ತಿ ಬಸವಕಲ್ಯಾಣಕ್ಕೆ ಹೋದ. ಅಕ್ಕ ಸೋನುಬಾಯಿ ಎಲ್ಲ ಕೇಳಿ, ಉಪ್ಪಿಟ್ಟು ತಿನ್ನಿಸಿ, ನಿಧಾನವಾಗಿ ಹೇಳಿದಳು: "ಬರ್ತೀನಿ. ಅದಕೇನು, ತಮ್ಮನ ಕೆಲಸ."

"ನೀ ಬಂದ್ರ ಸಾಕಕ್ಕಾ, ಫಿಕರ್ ಹೋತು."

"ಆದ್ರ ಆ ಎರಡ್ ದಿನ ನಮ್ಮ ಎಮ್ಮಿ ಹಿಂಡಾಕ ನೀ ಇಲ್ಲಿ ಬಂದಿರು. ಮುಯ್ಯಿಗೆ ಮುಯ್ಯಿ."

"ನಾ ಇಲ್ಲಿ ಬಂದು ಕುಂತ್ರ ಅಲ್ಲಿ ಹೋಗೋರು ಯಾರಕ್ಕಾ?"

"ಅದು ನಿನ್ನ ತ್ರಾಸು. ನಾ ಹ್ಯಾಂಗ ಹೇಳಲಿ?"

ವಾದ ಮುಗಿಯುವಷ್ಟರಲ್ಲಿ ಬಿಸಿಲು ಇಳಿಯತೊಡಗಿತ್ತು. ಎಮ್ಮೆಯ ಚಿಂತೆ ಆಮೇಲೆ, ಮೊದಲು ಬುಕ್ಕಿಂಗ್ ಎಂದು ಕಲ್ಲಿನಾಥ ಹುಮನಾಬಾದಿಗೆ ಬೈಕು ತಿರುಗಿಸಿದ. ಅವನ ಫೋನಿನಲ್ಲಿ ಆ್ಯಪು ಪುಟ ತಿರುವುವ ಮೊದಲೇ ನಿದ್ದೆ ಹೋಗುತ್ತಿತ್ತು. ಆದ್ದರಿಂದ ಬಸ್ ಸ್ಟ್ಯಾಂಡಿನ ಹತ್ತಿರ ಸುಮೇರಾಳ ಆನ್‌ಲೈನ್ ಸೆಂಟರೇ ಗತಿ. ಅಲ್ಲಿ ಪಹಣಿಗೆ, ಬೆಳೆ ವಿಮೆಗೆ ಬಂದವರ ಸಾಲು. ಸಾಲಿನಲ್ಲಿ ಅವನೂರಿನ ಅಂಬರೀಷನೂ ಇದ್ದ. ಕಲ್ಲಿನಾಥ ಕುರ್ಚಿಯ ಹಿಂದೆ ಮುಖ ಮರೆಸಿಕೊಂಡ.

ಅವನ ಸರದಿ ಬಂದಾಗ ಸುಮೇರಾ ಕಂಪ್ಯೂಟರಿನಲ್ಲಿ ಪಟಪಟನೆ ಒತ್ತಿದಳು. "ಓಟಿಪಿ ಹೇಳ್ರಿ ಅಣ್ಣಾ."

ಅವನ ಫೋನು ಕಲ್ಲಿನಂತೆ ಕೂತಿತ್ತು. ಆಗ ನೆನಪಾಯಿತು: ಕಾರ್ಡಿಗೆ ಅರ್ಜಿ ಹಾಕಿದ ದಿನ ಅವನ ಫೋನು ರಿಪೇರಿಗೆ ಹೋಗಿತ್ತು, ಹೆಂಡತಿಯ ನಂಬರು ಕೊಟ್ಟಿದ್ದ.

ಮನೆಗೆ ಫೋನು ಮಾಡಿದ. ಝೆರಾಕ್ಸ್ ಯಂತ್ರದ ಗದ್ದಲಕ್ಕೆ ಏನೂ ಕೇಳದೆ ಸುಮೇರಾ ಸ್ಪೀಕರ್ ಒತ್ತಿದಳು.

"ಹಲೋ, ಯಾರು, ತಮ್ಮನೇನು?" ಬಾಜೂ ಮನೆಯ ಜಗದೇವಿಯ ಧ್ವನಿ. "ಉಮಾ ಹೊಲಕ್ಕ ಹೋಗ್ಯಾಳ. ಫೋನು ಇಲ್ಲೇ ಬಿಟ್ಟಾಳ."

"ಅಕ್ಕಾ, ಫೋನಿನ್ಯಾಗ ಒಂದ್ ನಂಬರ್ ಬಂದದ. ಜರಾ ಓದ್ರಿ."

"ಓದ್ತೀನಿ. ಯಾತರದ್ದು?"

"ಗೊಬ್ಬರದ ಸಬ್ಸಿಡಿದು."

"ಇಲ್ಲಿ ರೆಸಾರ್ಟ್ ಅಂತ ಬಂದದಲ್ಲ. ಗೊಬ್ಬರ ಈಗ ರೆಸಾರ್ಟಿನ್ಯಾಗ ಕೊಡಾಕತ್ತಾರೇನು?"

ಸಾಲಿಗೆ ಸಾಲೇ ಇತ್ತ ತಿರುಗಿತು. ಅಂಬರೀಷ ಕುರ್ಚಿಯ ಹಿಂದೆ ಬಗ್ಗಿ ನೋಡಿದ. "ಕಲ್ಲಣ್ಣಾ, ನೀವೇನು?"

"ನನ್ನ ಪೈಪಿನ ಪಾಯಿಂಟು ಎಲ್ಲಿ ಹೋದ್ವು ಅಂತ ಕೇಳೋದಿತ್ತು ತಮ್ಮಾ," ಎಂದಿತು ಫೋನು. "ಉಮಾನ ಜೋಡಿ ನನ್ನ ಹೆಸರು ಬರಸು. ಆಮ್ಯಾಲೆ ನಂಬರ್ ಹೇಳ್ತೀನಿ."

"ಪಾಯಿಂಟಂದ್ರ?" ಅಂಬರೀಷನ ಹುಬ್ಬು ಮೇಲೇರಿತು. "ನನ್ನ ಫ್ರಿಜ್ಜಿಗೂ ಇದ್ದಾವೇನು?"

"ಇಬ್ಬರಿಗಷ್ಟ ಅದ ಅಣ್ಣಾ," ಎಂದಳು ಸುಮೇರಾ, ಗಡಿಯಾರ ನೋಡುತ್ತ. "ಆರಕ್ಕ ಬಂದ್ ಆಗ್ತದ. ಲಗೂನ ಹೇಳ್ರಿ."

"ಹೆಂಡ್ತಿ ಹೆಸರು ತಗೀರಿ," ಎಂದ ವಿಮೆಯ ಸಾಲಿನ ಮುದುಕ.

"ಯಾಕ, ನಿಮ್ಮದು ತಗೀರಿ," ಎಂದು ಕಲ್ಲಿನಾಥನಿಗೆ ಹೇಳಿದಳು ಮುದುಕನ ಹಿಂದೆ ನಿಂತಿದ್ದ ಹೆಂಗಸು. "ದಿನಾ ಅಡಿಗಿ ಮಾಡಾಕಿ ಅಕಿ ಅಲ್ಲೇನು?"

ಕಲ್ಲಿನಾಥ ಕುರ್ಚಿಯ ಹಿಂದಿನಿಂದ ಎದ್ದ. ಮಾತು ಕೊಟ್ಟದ್ದು ಉಮಾದೇವಿಗೆ. ಅವಳ ಹೆಸರು ತೆಗೆಯುವಂತಿರಲಿಲ್ಲ. "ಬರಿಯವಾ," ಎಂದ. "ಉಮಾದೇವಿ, ಜಗದೇವಿ." ಹೆಸರನ್ನು ಆಮೇಲೆ ಬದಲಿಸಿದರಾಯಿತು ಎಂಬುದು ಅವನ ಒಳಲೆಕ್ಕ. ಜಗದೇವಿ ನಂಬರು ಓದಿದಳು, ಸುಮೇರಾ ಒತ್ತಿದಳು, ಚೀಟಿ ಹೊರಬಂತು. ಅದರ ತಳದಲ್ಲಿ ಇರುವೆ ಗಾತ್ರದ ಅಕ್ಷರಗಳಿದ್ದವು: ಪಾಯಿಂಟಿನ ಬುಕ್ಕಿಂಗಿನಲ್ಲಿ ಹೆಸರು ಬದಲಾವಣೆ ಇಲ್ಲ.

ಹೆಂಡತಿಗೆ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ತಾಲೀಮು ಮಾಡುತ್ತ ಮನೆ ಸೇರಿದ. ಕಟ್ಟೆಯ ಮೇಲೆ ಉಮಾದೇವಿ, ಜಗದೇವಿ ಚಹಾ ಕುಡಿಯುತ್ತಿದ್ದರು. ಪಕ್ಕದಲ್ಲಿ ಎರಡು ಚೀಲ ಸಿದ್ಧವಾಗಿದ್ದವು.

"ಉಮಾ, ಒಂದ್ ಸಂಕಟ ಆಗ್ಯದ," ಎಂದು ಎಲ್ಲ ಹೇಳಿದ. ಅವಳ ಮುಖದಲ್ಲಿ ಸಂಕಟ ಕಾಣಲಿಲ್ಲ.

"ಗೊತ್ತದ್ರಿ. ಅಕ್ಕ ಮಾತಾಡೋವಾಗ ನಾ ಬಾಜೂಕೇ ಕುಂತಿದ್ನಿ."

"ಮತ್ತ ಹೊಲಕ್ಕ ಹೋಗ್ಯಾಳಂದ್ರು."

"ನಾನೇ ಹಂಗ ಹೇಳ್ರಿ ಅಂದೆ." ಉಮಾದೇವಿ ಬಟ್ಟಲು ಕೆಳಗಿಟ್ಟಳು. "ನೀವು ಜೋಡಿ ಬಂದ್ರ ಅಲ್ಲೀನೂ ಮುಂಜಾನಿ ಎದ್ದು ನನ್ನ ಟವೆಲ್ ಎಲ್ಲಿ, ಚಷ್ಮಾ ಎಲ್ಲಿ, ಚಹಾ ಯಾಕ ತಣ್ಣಗದ ಅಂತೀರಿ. ಎಲ್ಲಾ ಸೇರಿ ಅಂದ್ರ ಅದೂ ಸೇರ್ತದಲ್ಲ."

ಉಮಾದೇವಿ ಒಳಗೆ ಹೋಗಿ ಬಕೆಟ್ಟು ತಂದಳು, ಅದರ ಮೇಲೆ ಮಡಿಚಿದ ಹಸಿರು ಸೀರೆ. "ಇವತ್ತಿಂದೇ ರೂಢಿ ಆಗ್ಲಿ."

"ಸೆರಗು ಬರೋಬರಿ ಹೊದ್ಕೋ ತಮ್ಮಾ," ಎಂದಳು ಜಗದೇವಿ. "ಹೋದ ಸಲ ಜಾರಿತ್ತು. ಗ್ವಾಡಿ ಮ್ಯಾಲಿಂದ ನೋಡಿದ್ನಿ."

ಕೊಟ್ಟಿಗೆಯಲ್ಲಿ ಸೀರೆ ಉಟ್ಟು ಕೂತವನನ್ನು ಎಮ್ಮೆ ಒಮ್ಮೆ ತಿರುಗಿ ನೋಡಿ, ಒಪ್ಪಿಗೆಯಾದಂತೆ ಮೆಲುಕು ಹಾಕತೊಡಗಿತು. ಹೆಂಗಸರಿಬ್ಬರೂ ಚೀಲ ಎತ್ತಿಕೊಂಡು ಒಳಗೆ ಹೋದರು. ಕಲ್ಲಿನಾಥ ಮೊದಲ ಧಾರೆ ಎಳೆದಿದ್ದನಷ್ಟೇ, ಬೆನ್ನ ಹಿಂದೆ ಗೇಟಿನ ಸಪ್ಪಳ, ಹಲವರ ಹೆಜ್ಜೆ.

"ವೈನಿ," ಉಮಾದೇವಿಯೆಂದೇ ತಿಳಿದ ಅಂಬರೀಷನ ಧ್ವನಿ. "ಕಲ್ಲಣ್ಣ ಎಲ್ಲಿದ್ದಾನ್ರಿ? ನಮ್ಮೆಲ್ಲರ ಪಾಯಿಂಟು ಕೇಳೋದದ."

ಕಲ್ಲಿನಾಥ ತಿರುಗಲಿಲ್ಲ. ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು, ಹಾಲಿನ ಕೈಯನ್ನು ಹುಮನಾಬಾದಿನ ದಿಕ್ಕಿಗೆ ತೋರಿಸಿದ.