ಭಾವನ ಚೀಟಿ, ನನ್ನ ಸಹಿ

ಮನೆಗೆ ಬೆಂಕಿ ಬಿದ್ದರೂ ನಮ್ಮ ಭಾವ ಕೂಗುವವರಲ್ಲ, ಚೀಟಿ ಬರೆಯುವವರು! ಹರಿಹರದ ಕಾರ್ಖಾನೆಯೊಂದರಲ್ಲಿ ಟಪಾಲು ಗುಮಾಸ್ತರು. ಯಾವ ಸುದ್ದಿಯೇ ಇರಲಿ, ಅದಕ್ಕೊಂದು ಚೀಟಿ. ಅದರ ಅಂಚಿನಲ್ಲಿ ಒಂದರ ಕೆಳಗೊಂದು ಹೆಸರು. ಮೊದಲನೆಯವನು ತನ್ನ ಕೆಲಸ ಮುಗಿಸಿ, ಸಹಿ ಹಾಕಿ, ಎರಡನೆಯವನಿಗೆ ದಾಟಿಸಬೇಕು. ನಡುವೆ ಯಾರನ್ನೂ ಹಾರಿಸುವಂತಿಲ್ಲ. ಒಮ್ಮೆ ಕ್ಯಾಂಟೀನಿನ ಹಾಲು ಕೆಡುವ ಹಾಗಿದೆ ಎಂದು ಇವರು ಕಳಿಸಿದ ಚೀಟಿ ನಾಲ್ಕು ಮೇಜು ಸುತ್ತಿ ಅಡುಗೆಯವನ ಕೈ ಸೇರಿತು. ಅವನು ಅಡಿಯಲ್ಲಿ ಬರೆದ: ‘ಒಡೆದಿದೆ. ತಮ್ಮ ಮಾಹಿತಿಗಾಗಿ.’

ತೊಂಬತ್ತರ ದಶಕದ ಕೊನೆಗೆ ಆಫೀಸಿಗೆ ಕಂಪ್ಯೂಟರ್ ಬಂತು. ಸುದ್ದಿ ಒಂದೇ ಸಲಕ್ಕೆ ಎಲ್ಲರಿಗೂ ಹೋಗುತ್ತದೆ ಎಂದರೆ ಭಾವ ಒಪ್ಪಬೇಕಲ್ಲ?

“ಎಲ್ರಿಗೂ ಒಟ್ಟಿಗೆ ಹೋದ್ರೆ, ಇನ್ನೊಬ್ರು ಮಾಡ್ತಾರ ಅಂತ ಎಲ್ರೂ ಕುಂತಿರ್ತಾರ!”

ಮನೆಯಲ್ಲೂ ಅದೇ. ಉಪ್ಪಿಟ್ಟಿಗೆ ಉಪ್ಪು ಕಡಿಮೆ ಎಂಬ ಚೀಟಿ ಅವರ ತಾಯಿ, ಮಗಳು ಇಬ್ಬರ ಸಹಿ ಹೊತ್ತು ಅಕ್ಕನ ಹತ್ತಿರ ಬಂತು. “ಉಪ್ಪಿನ ಡಬ್ಬಿ ನಿಮ್ಮ ಎಡಕ್ಕೇ ಐತ್ರಿ! ಅದಕ್ಕೂ ನನ್ನ ಸಹಿ ಬೇಕಾ?” ಎಂದಳು ಅಕ್ಕ.

ಇಷ್ಟು ನಕ್ಕಾಯಿತು. ನಾನು ಒಪ್ಪಿಕೊಳ್ಳಬೇಕಾದದ್ದು ಮಾತ್ರ ಇನ್ನೊಂದು ಚೀಟಿಯ ಸಂಗತಿ.

ಭಾನುವಳ್ಳಿಯಲ್ಲಿ ಭಾವನ ಅಣ್ಣ ಹಾಸಿಗೆ ಹಿಡಿದಿದ್ದರು. ಹೊಲ ಪಾಲಾದಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಒಂದು ದಿನ ಭಾವ ನಿಟ್ಟುವಳ್ಳಿಯ ನಮ್ಮ ಮನೆಗೇ ಬಂದು ಚೀಟಿ ಕೊಟ್ಟರು: ‘ನೋಡಲು ಬರಲೇ?’ ಅಂಚಿನಲ್ಲಿ ಮೂರು ಹೆಸರು: ನಾನು, ಅವರ ಅತ್ತಿಗೆ, ಅಣ್ಣ.

ಅವರ ಎದುರೇ ಸಹಿ ಹಾಕಿದೆ. ಭಾನುವಳ್ಳಿಗೆ ಒಯ್ದು ಅತ್ತಿಗೆಯ ಕೈಗೆ ಕೊಡುವುದು ನನ್ನ ಪಾಲಿನ ಕೆಲಸ. ಜೇಬಿಗಿಟ್ಟೆ. ಈ ಭಾನುವಾರ ಬಿಸಿಲು, ಮುಂದಿನ ಭಾನುವಾರ ಸೋಮಾರಿತನ! ಕೇಳಿದಾಗಲೆಲ್ಲ, “ಅತ್ತಿಗೆ ಹತ್ರ ಐತೆ ಭಾವ” ಎಂದು ಸುಳ್ಳು ಹೇಳಿದೆ. ಭಾವ ಕೂತಲ್ಲಿ ಕೂರರು. ಬಸ್ಸಿನ ಸದ್ದಾದರೆ ಬಾಗಿಲಿಗೆ, ಅಲ್ಲಿಂದ ಗೇಟಿಗೆ, ಮತ್ತೆ ಒಳಗೆ.

“ಸುಮ್ನೆ ಬಸ್ ಹತ್ತಿ ಹೋಗಿ ಬರ್ರಿ!” ಎಂದು ಅಕ್ಕ ರೇಗಿದಳು.

“ನಡುವೆ ಇಬ್ರು ಅದಾರಲ್ಲೇ, ಹೆಂಗ್ ಹೋಗ್ಲಿ?”

ನಾಲ್ಕನೇ ವಾರ ಸುದ್ದಿ ಬಂತು, ಯಾವ ಸಹಿಯೂ ಇಲ್ಲದೆ, ಸೈಕಲ್ಲಿನಲ್ಲಿ. ಅಣ್ಣ ಹೋಗಿಬಿಟ್ಟಿದ್ದರು. ಮಣ್ಣು ಮುಗಿದ ಮೇಲೆ ಅತ್ತಿಗೆ, “ದಿನಾ ಕೇಳೋರು, ತಮ್ಮ ಬಂದ್ನಾ ಅಂತ” ಎಂದರು. ನನಗೆ ನಿಲ್ಲಲೂ ಆಗಲಿಲ್ಲ, ಕೂರಲೂ ಆಗಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ಭಾವನಿಗೆ ಸೀಟು ಸಿಕ್ಕಿತ್ತು. ನಾನು ಪಕ್ಕದಲ್ಲಿ ನಿಂತಿದ್ದೆ. ಜೇಬಿನಿಂದ ಚೀಟಿ ತೆಗೆದು ಅವರ ಮುಂದೆ ಹಿಡಿದೆ. “ನಾನು ಕೊಡ್ಲೇ ಇಲ್ಲ, ಭಾವ.”

ಅವರು ಅಂಚಿನಲ್ಲಿದ್ದ ನನ್ನ ಸಹಿಯ ಮೇಲೆ ಬೆರಳಾಡಿಸಿದರು.

“ಮೊದಲ್ನೇ ವಾರನೇ ಗೊತ್ತಾಗಿತ್ತು ಬಿಡೋ. ಬರಬ್ಯಾಡ ಅಂತ ಅಣ್ಣ ಬರೆದುಬಿಟ್ರೆ ಅಂತ ಹೆದರ್ಕೊಂಡು ನಾನೂ ಸುಮ್ಕಿದ್ದೆ.”

ಅದು ನಿಜವೋ, ನನ್ನ ಎದೆಯ ಭಾರ ಇಳಿಸಲು ಹೇಳಿದ್ದೋ? ಕೇಳುವ ಧೈರ್ಯ ಎಪ್ಪತ್ತು ದಾಟಿದರೂ ನನಗೆ ಬಂದಿಲ್ಲ. ಅಂದು ಭಾವ ಕಿಟಕಿಯ ಕಡೆಗೆ ಒತ್ತಿ ಕೂತು, ಪಕ್ಕದ ಗೇಣುದ್ದ ಜಾಗವನ್ನು ಅಂಗೈಯಿಂದ ತಟ್ಟಿದರು.

“ಕೂಡು ಬಾರೋ. ಆಗಿಂದ ನಿಂತೇ ಇದ್ದಿ.”